ಸೂಜಿ ತಾಗಬಾರದ ಬಾವುಟ

ಥರ್ಜಾ ಆಲ್ಡರ್‌ಸನ್ ಸತ್ತಾಗ ಅವಳ ಗುಂಡಿ ತೋಡಿದವನು ನಾನು. ಸ್ಕಾರ್‌ಬೆಕ್ ಚರ್ಚಿನ ಅಂಗಳದಲ್ಲಿ ಒಂದು ಗುದ್ದಲಿ ಮಣ್ಣಿಗೆ ಮೂರು ಗುದ್ದಲಿ ಕಲ್ಲು ಸಿಗುತ್ತದೆ. ಅದಕ್ಕೇ ನಮ್ಮೂರಿನ ಮರ್ಯಾದಸ್ಥರು ಗುಂಡಿ ತೋಡುವವನ ಮೇಲೆ ಕನಿಕರವಿಟ್ಟು ಬೇಸಿಗೆಯವರೆಗೆ ಜೀವ ಹಿಡಿದುಕೊಂಡಿರುತ್ತಾರೆ. ಥರ್ಜಾ ಫೆಬ್ರವರಿಯಲ್ಲಿ ಸತ್ತಳು. ನೆಲ ಎಷ್ಟು ಹೆಪ್ಪುಗಟ್ಟಿತ್ತೆಂದರೆ ಗುದ್ದಲಿ ಬಿದ್ದ ಕಡೆ ಕಿಡಿ ಹಾರಿತು; ಆ ಕಿಡಿಯಲ್ಲೇ ನಾನು ಪೈಪು ಹೊತ್ತಿಸಿಕೊಂಡೆ.

ಹೂಳುವ ದಿನ ಹೊಸ ಪಾದ್ರಿ ಅವಳ ಬಗ್ಗೆ ಹೇಳಿದ್ದು ಇಷ್ಟೇ: ನಲವತ್ತು ವರ್ಷ ಈ ಚರ್ಚನ್ನು ಗುಡಿಸಿದ ನಿಷ್ಠಾವಂತೆ. ಸುಳ್ಳಲ್ಲ. ಆದರೆ ಅವಳು ಮಾಡಿದ ದೊಡ್ಡ ಕೆಲಸ ನೆಲದ ಮೇಲಿನದಲ್ಲ, ಏಣಿಯ ಮೇಲಿನದು. ಅದನ್ನು ಕಂಡವನು, ಕೆಳಗೆ ಏಣಿ ಹಿಡಿದು ನಿಂತಿದ್ದ ನಾನೊಬ್ಬನೇ. ಕೇಳಿ ನೊಂದುಕೊಳ್ಳಬಹುದಾಗಿದ್ದವರೆಲ್ಲ ಈಗ ಅದೇ ಅಂಗಳದಲ್ಲಿ ಮಲಗಿದ್ದಾರೆ. ಹಾಗಾಗಿ ಹೇಳಬಹುದು.

ಅವಳ ಗಂಡ ಕಿಟ್ ಕಲ್ಲಿನ ಗೋಡೆ ಕಟ್ಟುವವನು. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಅವನು ಕಟ್ಟಿದ ಗೋಡೆಯನ್ನು ಹಾರಲು ಹೋದ ಕುರಿಗಳು ಮಂಡಿ ತರಚಿಕೊಂಡು, ಗೋಡೆಗೊಂದು ನಮಸ್ಕಾರ ಹಾಕಿ ಹಿಂದಿರುಗುತ್ತಿದ್ದವು. ಮದುವೆಯಾಗಿ ವರ್ಷ ತುಂಬುವ ಮೊದಲೇ ಮೊದಲ ಮಹಾಯುದ್ಧ ಬಂತು. ಕಣಿವೆಯ ಹುಡುಗರೆಲ್ಲ ಒಟ್ಟಿಗೆ ಹೆಸರು ಕೊಟ್ಟರು, ಒಂದೇ ಪಡೆಯಾಗಿ ಒಟ್ಟಿಗೆ ಹೋದರು. ನಾನೂ ಹೆಸರು ಕೊಡಲು ಹೋಗಿದ್ದೆ. ನನ್ನ ಕುಂಟುಗಾಲು ನೋಡಿ ಸೈನ್ಯದ ಡಾಕ್ಟರು, “ನೀನು ಓಡೋದು ನೋಡಿದ್ರೆ ಶತ್ರು ನಕ್ಕು ಸಾಯ್ತಾನೆ, ಅದು ಯುದ್ಧದ ಕಾನೂನಿಗೆ ವಿರುದ್ಧ ಕಣಯ್ಯ” ಎಂದು ಮನೆಗೆ ಕಳಿಸಿದರು.

ಹದಿನೇಳನೇ ಇಸವಿಯಲ್ಲಿ ಕಿಟ್ ಕಾಣೆಯಾಗಿದ್ದಾನೆಂದು ಥರ್ಜಾಗೆ ಸುದ್ದಿ ಬಂತು. ಸತ್ತ ಎಂದಲ್ಲ, ಕಾಣೆಯಾಗಿದ್ದಾನೆ ಎಂದು. ಕಾಣೆಯಾದ ಕುರಿ ಸಿಗುತ್ತದೆ, ಕಾಣೆಯಾದ ಚಮಚ ಸಿಗುತ್ತದೆ. ಗಂಡ ಯಾಕೆ ಸಿಗಬಾರದು? ಅವಳು ವಿಧವೆಯ ಕರಿ ಉಡುಪು ಹಾಕಲಿಲ್ಲ. ಪ್ರತಿ ಶನಿವಾರ ಅವನ ಬೂಟಿಗೆ ಕುರಿಕೊಬ್ಬು ತಿಕ್ಕಿ ಬಾಗಿಲ ಬಳಿ ಇಡುತ್ತಿದ್ದಳು.

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಯಾರಿಗೋ ನೆನಪಾಯಿತು, ಈ ಹೊಸ ಪಡೆಗಳಿಗೆ ಬಾವುಟವನ್ನೇ ಕೊಟ್ಟಿಲ್ಲವಲ್ಲ ಎಂದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಉಳಿದವರನ್ನು ಕೆಸರಿನಲ್ಲೇ ಸಾಲು ನಿಲ್ಲಿಸಿ ಪಡೆಗೊಂದರಂತೆ ರೇಷ್ಮೆಯ ಬಾವುಟ ಕೊಟ್ಟರು. ರಾಜನ ಬಾವುಟ ಎಂದು ಅದರ ಹೆಸರು. ಆಕಾರ ಎಲ್ಲರೂ ಕಂಡ ಬ್ರಿಟಿಷ್ ಬಾವುಟದ್ದೇ: ಮೂವರು ಸಂತರ ಮೂರು ಶಿಲುಬೆಗಳನ್ನು ಒಂದೇ ನೀಲಿ ಹಾಸಿಗೆಯಲ್ಲಿ ಮಲಗಿಸಿದ್ದಾರೆ. ಇಂಗ್ಲೆಂಡಿನ ಸಂತ ಜಾರ್ಜ್ ನಟ್ಟನಡುವೆ ಕೈಕಾಲು ಚಾಚಿ ಕೆಂಪಗೆ ಬಿದ್ದುಕೊಂಡಿದ್ದಾನೆ. ಸ್ಕಾಟ್ಲೆಂಡಿನವನು ಬಿಳಿಯ ಓರೆಯಾಗಿ ಅಡಿಯಲ್ಲಿ. ಐರ್ಲೆಂಡಿನವನ ಕೆಂಪು ಓರೆಪಟ್ಟಿ ಅವನ ಮೇಲೆಯೇ, ಆದರೆ ಒಂದು ಅಂಚಿಗೆ ಸರಿದು, ಯಾವಾಗ ಉರುಳುತ್ತೇನೋ ಎಂಬಂತೆ. ವೇಲ್ಸಿನವನಿಗೆ ನೆಲದ ಮೇಲೂ ಜಾಗ ಕೊಡಲಿಲ್ಲ. ನಡುವೆ ಚಿನ್ನದ ದಾರದ ಕಿರೀಟ, ಅದರ ಕೆಳಗೆ ನಮ್ಮ ಪಡೆಯ ಹೆಸರು.

ಪಡೆ ವಿಸರ್ಜನೆಯಾದಾಗ ಆ ಬಾವುಟವನ್ನು ನಮ್ಮ ಚರ್ಚಿಗೆ ತಂದು, ಉತ್ತರದ ಗೋಡೆಯ ಮೇಲೆ ಕೋಲಿನ ಸಮೇತ ಓರೆಯಾಗಿ ಸಿಕ್ಕಿಸಿದರು. ಹೀಗೆ ದೇವರಿಗೆ ಒಪ್ಪಿಸಿದ ಬಾವುಟವನ್ನು ಒಗೆಯುವ ಹಾಗಿಲ್ಲ, ತೇಪೆ ಹಾಕುವ ಹಾಗಿಲ್ಲ. ಅದು ಇದ್ದಲ್ಲೇ ನೇತಾಡಿ, ಜೀರ್ಣವಾಗಿ, ಎಳೆ ಎಳೆಯಾಗಿ ಉದುರಿ ಇಲ್ಲವಾಗಬೇಕು. ಅದೇ ಅದಕ್ಕೆ ಮರ್ಯಾದೆ. ಆ ದಿನ ಪಾದ್ರಿ ಲಾಂಗ್‌ಸ್ಟಾಫ್ ಪೀಠ ಹತ್ತಿ ನಿಂತು, “ಈ ಬಟ್ಟೆ ಇಲ್ಲಿರುವವರೆಗೆ ನಮ್ಮ ಹುಡುಗರು ನಮ್ಮನ್ನು ಬಿಟ್ಟು ಹೋಗಿಲ್ಲ” ಎಂದರು. ಪಾದ್ರಿಗಳು ಪೀಠದಿಂದ ಹೇಳುವುದನ್ನೆಲ್ಲ ಜನ ನಂಬುವುದಾಗಿದ್ದರೆ ನಮ್ಮೂರಿನ ಹೆಂಡದಂಗಡಿ ಎಂದೋ ಮುಚ್ಚಿಹೋಗಬೇಕಿತ್ತು. ಆದರೆ ಥರ್ಜಾ ನಂಬಿದಳು. ಮರುವಾರವೇ ಹೋಗಿ ಚರ್ಚು ಗುಡಿಸುವ ಕೆಲಸ ಕೇಳಿದಳು. ಗುಡಿಸುವಾಗ ಬಾವುಟದ ಕೆಳಗೆ ಬಂದರೆ ಪೊರಕೆ ನಿಲ್ಲಿಸಿ, ಮೇಲೆ ನೋಡುತ್ತ, ಹಾಲಿನ ದರ, ಅತ್ತೆಯ ಮಂಡಿನೋವು, ಯಾವ ಹೊಲದ ಗೋಡೆ ಕುಸಿಯಿತು ಎಲ್ಲವನ್ನೂ ಕಿಟ್‌ಗೆ ಹೇಳುತ್ತಿದ್ದಳು. ನನ್ನ ಬಗ್ಗೆಯೂ ದೂರು ಹೇಳಿದ್ದನ್ನು ಕೇಳಿದ್ದೇನೆ.

ಹತ್ತು ಹನ್ನೆರಡು ವರ್ಷ ಕಳೆಯಿತು. ನಮ್ಮ ಚರ್ಚಿನ ತೇವ ಎಂಥದೆಂದರೆ ಹಾಡುವ ಪುಸ್ತಕದೊಳಗೆ ಅಣಬೆ ಏಳುತ್ತದೆ. ಅಂಥ ಕಡೆ ರೇಷ್ಮೆ ಎಷ್ಟು ದಿನ? ಒಂದು ಬೆಳಗ್ಗೆ ಅವಳ ಕಸದಲ್ಲಿ ನೀಲಿ ಎಳೆ ಬಂತು. ಮರುವಾರ ಕೆಂಪು. ಥರ್ಜಾ ಪೊರಕೆ ಹಿಡಿದುಕೊಂಡೇ ಮೇಜರ್ ಪೆನಿಮನ್ ಅವರ ಮುಂದೆ ಹೋಗಿ ನಿಂತಳು. ಮೇಜರ್ ಆ ಪಡೆಯನ್ನು ಕರೆದುಕೊಂಡು ಹೋದವರು, ಅದರಲ್ಲಿ ಒಂದು ಹಿಡಿಯನ್ನು ವಾಪಸ್ ತಂದವರು. ಅವರ ಮೀಸೆ ಬಾಗಿಲು ದಾಟಿ ಎಷ್ಟೋ ಹೊತ್ತಾದ ಮೇಲೆ ಅವರು ದಾಟುತ್ತಿದ್ದರು.

“ಮೇಜರ್ ಸರ್, ಎಳೆ ಉದುರ್ತಾ ಇದೆ. ನಾಲ್ಕು ಹೊಲಿಗೆ ಹಾಕಿದ್ರೆ ನಿಲ್ಲುತ್ತೆ.”

“ಅದಕ್ಕೆ ಸೂಜಿ ತಾಗಬಾರ್ದು, ಮಿಸೆಸ್ ಆಲ್ಡರ್‌ಸನ್. ಅದೇನು ಕಿಟಕಿ ಪರದೆಯಾ?”

“ಪರದೆ ಆಗಿದ್ರೆ ನಿಮ್ಮನೇಲಿ ಹೀಗೆ ಹರಿಯೋಕೆ ಬಿಡ್ತಿದ್ರಾ ಸರ್?”

“ಅದು ಮುದಿ ಸಿಪಾಯಿ ಇದ್ದ ಹಾಗೆ. ತನ್ನ ಪಾಡಿಗೆ ತಾನು ಹೋಗ್ಬೇಕು. ತೇಪೆ ಹಾಕಿ ಕೂರಿಸೋದು ಅವಮಾನ.”

“ಹೋದ್ಮೇಲೆ ಏನಿರುತ್ತೆ?”

“ಕೋಲು ಇರುತ್ತೆ.”

“ಕೋಲು,” ಎಂದಳು ಥರ್ಜಾ. ಆ ದನಿ ಕೇಳಿದ್ದರೆ ಹಾಲು ಒಡೆಯುತ್ತಿತ್ತು.

ಗುರುವಾರ ಮಧ್ಯಾಹ್ನ ನಮ್ಮೂರಿನ ಅಂಗಡಿಗಳಿಗೆ ರಜೆ. ಊರು ಊಟ ಮಾಡಿ ಮಲಗಿರುತ್ತದೆ. ಆ ಗುರುವಾರ ಅವಳು ನನ್ನನ್ನು ಹುಡುಕಿಕೊಂಡು ಬಂದಳು.

“ಸಿಮ್, ಗಂಟೆಗೋಪುರದ ಏಣಿ ತಗೊಂಡು ಬಾ.”

“ಯಾಕೆ, ಸ್ವರ್ಗಕ್ಕೆ ಅಡ್ಡದಾರಿ ಹಿಡೀತಿದೀಯಾ?”

“ಬಾಯಿ ಮುಚ್ಕೊಂಡು ಗಟ್ಟಿಯಾಗಿ ಹಿಡ್ಕೊ. ಮೇಲೆ ನೋಡಿದ್ರೆ ಕಣ್ಣಿಗೆ ಸೂಜಿ ಬೀಳ್ಸ್ತೀನಿ.”

“ನೋಡೋಕೆ ಏನಿದೆ? ಐದು ಉಣ್ಣೆ ಲಂಗ ಹಾಕ್ಕೊಂಡಿದೀಯ. ನಿನ್ನಿಂದಾಗಿ ಯಾರ್ಕ್‌ಷೈರಿನ ಕುರಿಗಳೆಲ್ಲ ಬೋಳಾಗಿ ನಡುಗ್ತಾ ನಿಂತಿವೆ.”

ಹೀಗೆ ಶುರುವಾಯಿತು. ಮೊದಲು ಬಿಳಿಗೆ ಅವಳ ಮದುವೆಯ ರವಿಕೆ ಹೋಯಿತು. ಕೆಂಪಿಗೆ ಕಿಟ್‌ನ ಕುತ್ತಿಗೆ ವಸ್ತ್ರ. ಗೋಡೆ ಕಟ್ಟುವಾಗ ಬೆವರಿಗೆಂದು ಸುತ್ತಿಕೊಳ್ಳುತ್ತಿದ್ದದ್ದು, ಅವನ ಹತ್ತಿರ ಇದ್ದ ಒಂದೇ ರೇಷ್ಮೆ. ನೀಲಿಗೆ ಡಾಕ್ಟರ ಹೆಂಡತಿ ಎಸೆದ ಗೌನಿನ ಒಳಪದರ. ಹೊಸ ಬಟ್ಟೆ ಹೊಳೆದು ಕಾಣಬಾರದೆಂದು ಕಡು ಚಹಾದಲ್ಲಿ ಅದ್ದಿ, ಮಸಿ ತಿಕ್ಕಿ ಒಣಗಿಸುತ್ತಿದ್ದಳು. ಚಹಾದಿಂದ ಆಗದ ಕೆಲಸ ನಮ್ಮ ನಾಡಿನಲ್ಲಿ ಯಾವುದಿದೆ? ಕೋಲಿನಿಂದ ಇಳಿಸದೆ, ತೂಗಾಡುವ ಬಟ್ಟೆಯ ಮೇಲೆಯೇ, ಒಂದು ಕೈಯಲ್ಲಿ ಏಣಿ ಹಿಡಿದು ಅವಳು ಹಾಕಿದ ಹೊಲಿಗೆಯನ್ನು ನೆಲದ ಮೇಲೆ ಕೂತು ಹಾಕುವವರನ್ನು ನಾನು ಕಂಡಿಲ್ಲ. ಒಮ್ಮೆ ಮಾತ್ರ ತಪ್ಪಿದಳು.

“ಥರ್ಜಾ, ಐರ್ಲೆಂಡಿನವನನ್ನ ಹಾಸಿಗೆ ಮಧ್ಯಕ್ಕೆ ಎಳೆದು ಮಲಗಿಸಿದೀಯಲ್ಲೇ!” ಎಂದು ಕೆಳಗಿನಿಂದ ಕೂಗಿದೆ.

“ಮಲಗ್ಲಿ ಬಿಡು ಪಾಪ, ನೂರು ವರ್ಷದಿಂದ ಅಂಚಿಗೆ ಜೋತ್ಕೊಂಡಿದಾನೆ,” ಎಂದಳು. ಆದರೂ ಮರುವಾರ ಬಿಚ್ಚಿ, ಮತ್ತೆ ಅಂಚಿಗೇ ತಳ್ಳಿದಳು.

ವರ್ಷಗಳು ಹೋದವು. ಎರಡನೇ ಯುದ್ಧ ಬಂತು. ಬೆಟ್ಟಕ್ಕೆ ಬಡಿದು ಬಿದ್ದ ವಿಮಾನದವರ ಪ್ಯಾರಾಶೂಟು ರೇಷ್ಮೆಯಲ್ಲಿ ಊರಿನ ಹುಡುಗಿಯರೆಲ್ಲ ಲಂಗ ಹೊಲಿಸಿಕೊಂಡರು. ಥರ್ಜಾ ಪಾಲಿಗೆ ಬಂದ ತುಂಡು ಸ್ಕಾಟ್ಲೆಂಡಿನ ಸಂತನಿಗೆ ಹೋಯಿತು. ಇಪ್ಪತ್ತು ಮೈಲಿಯೊಳಗೆ ಯಾವ ಹೆಂಗಸಿನ ರೇಷ್ಮೆಯೂ ಹಗ್ಗದ ಮೇಲೆ ನೆಮ್ಮದಿಯಾಗಿ ಒಣಗುವ ಹಾಗಿರಲಿಲ್ಲ. ಒಂದು ಹೊಲಿಗೆ ಹಾಕಿದ ಕಡೆ ಪಕ್ಕದಲ್ಲಿ ಹರಿಯುತ್ತಿತ್ತು, ಅಲ್ಲಿ ಹೊಲಿದರೆ ಅದರ ಪಕ್ಕ.

ಸುತ್ತಲಿನ ಊರುಗಳ ಚರ್ಚುಗಳಲ್ಲಿ ಅದೇ ವಯಸ್ಸಿನ ಬಾವುಟಗಳು ಜೇಡರಬಲೆಯಾಗಿ, ಆಮೇಲೆ ಬರಿಯ ಕೋಲಾದವು. ನಮ್ಮದು ತುಂಬಿಕೊಂಡು ತೂಗುತ್ತಿತ್ತು. ಪಾದ್ರಿ ಲಾಂಗ್‌ಸ್ಟಾಫ್ ಅದರ ಮೇಲೆ ವರ್ಷಕ್ಕೊಂದು ಪ್ರವಚನ ಮಾಡಿದರು. ಮೇಜರ್ ಅಂತೂ ದೂರದೂರಿನ ನೆಂಟರನ್ನೆಲ್ಲ ಕರೆತಂದು, ಊರುಗೋಲಿನ ತುದಿಯಿಂದ ತೋರಿಸಿ, “ನೋಡಿ, ನನ್ನ ಹುಡುಗರು. ಕೊಳೆಯೋ ಜಾತಿ ಅಲ್ಲ,” ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮೀಸೆ ಅದುರುತ್ತಿತ್ತು. ಥರ್ಜಾ ಪಕ್ಕದಲ್ಲೇ ಬೆಂಚು ಒರೆಸುತ್ತ ತಲೆ ಎತ್ತುತ್ತಿರಲಿಲ್ಲ.

ಅವಳ ಕೂದಲು ಬೆಳ್ಳಗಾಗುವ ಹೊತ್ತಿಗೆ ಸರ್ಕಾರ ನಮ್ಮ ಹುಡುಗರ ಪಡೆ ಸೇರಿದ್ದ ಹಳೆಯ ರೆಜಿಮೆಂಟನ್ನು ಇನ್ನೊಂದರ ಜೊತೆ ಸೇರಿಸಿತು. ಹೋಗುವ ಹೆಸರಿನ ನೆನಪಿಗೆಂದು ಜಿಲ್ಲೆಯ ಪಟ್ಟಣದಲ್ಲಿ ಒಂದು ವಸ್ತುಸಂಗ್ರಹಾಲಯ ಮಾಡಿದರು. ಅದರ ಮೇಲ್ವಿಚಾರಕ ಕ್ಯಾಪ್ಟನ್ ಹಸ್‌ವೆಲ್ ಎಂಬ ಸಭ್ಯ ಮನುಷ್ಯ ಶರತ್ಕಾಲದಲ್ಲಿ ನಮ್ಮ ಚರ್ಚಿಗೆ ಬಂದ. ಕತ್ತೆತ್ತಿ ನೋಡಿದವನು ಟೋಪಿ ತೆಗೆದ.

“ಮೇಜರ್, ಇಡೀ ಜಿಲ್ಲೆಯಲ್ಲಿ ಉಳಿದಿರೋದು ಇದೊಂದೇ. ಇದನ್ನ ಇಲ್ಲಿ ತೇವಕ್ಕೆ ಬಿಡೋದು ಪಾಪ. ಗಾಜಿನ ಪೆಟ್ಟಿಗೆ ಮಾಡಿಸ್ತೀನಿ. ಈಸ್ಟರ್ ಆದ್ಮೇಲೆ ಬಂದು ಇಳಿಸ್ಕೊಂಡು ಹೋಗ್ತೀನಿ.”

“ಕೊಳೆತು ಹೋಗೋ ಬಾವುಟಕ್ಕೆ ಹಳೇ ನಿಯಮ ಸರಿ,” ಎಂದರು ಮೇಜರ್. “ಇದು ಕೊಳೆಯಲ್ಲ ಅಂತ ತೋರಿಸಿದೆ. ತಗೊಂಡು ಹೋಗಿ. ಲೋಕ ನೋಡ್ಲಿ.” ಆಮೇಲೆ ಥರ್ಜಾ ಕಡೆ ತಿರುಗಿ, ಮಗುವಿಗೆ ಮಿಠಾಯಿ ಕೊಡುವಂತೆ, “ಕೇಳಿದ್ರಾ ಮಿಸೆಸ್ ಆಲ್ಡರ್‌ಸನ್? ನಿಮ್ಮ ಗಂಡನಿಗೆ ಗಾಜಿನ ಅರಮನೆ!” ಎಂದರು.

ಜಿಲ್ಲೆಯ ಪಟ್ಟಣ ನಲವತ್ತು ಮೈಲಿ. ಬಸ್ಸು ವಾರಕ್ಕೆ ಎರಡು ಸಲ, ಅದೂ ಚಾಲಕನಿಗೆ ನೆಗಡಿಯಾಗದಿದ್ದರೆ. ಥರ್ಜಾ ಬಕೆಟ್ಟಿನ ನೀರನ್ನು ಚೆಲ್ಲಲು ಹೊರಗೆ ಬಂದು, ಚೆಲ್ಲದೆ ನಿಂತಿದ್ದಳು.

“ನಿಜ ಹೇಳ್ಬಿಡು,” ಎಂದೆ. “ಇದು ನನ್ನ ರವಿಕೆ, ಡಾಕ್ಟರ ಹೆಂಡ್ತಿ ಗೌನು ಅನ್ನು. ಆ ಕ್ಯಾಪ್ಟನ್ನು ಕೋಲಿನ ತುದೀಲೂ ಮುಟ್ಟಲ್ಲ. ಇಲ್ಲೇ ಉಳಿಯುತ್ತೆ.”

“ಮೇಜರ್‌ಗೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ?”

ನಾನು ಎಂತೆಂಥ ಸುಳ್ಳು ಹೇಳಿದವನು. ಆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಆ ಮುದುಕ ಬದುಕಿದ್ದೇ, ತನ್ನ ಹಿಂದೆ ಬಂದು ಸತ್ತ ಹುಡುಗರು ಹಾಳಾಗಿಲ್ಲ ಎಂಬ ಆ ಒಂದು ಬಟ್ಟೆಯ ಬಲದ ಮೇಲೆ.

“ಹೇಳಿದ್ರೆ ಅವ್ರು ಹೋಗ್ತಾರೆ. ಹೇಳದಿದ್ರೆ ಕಿಟ್ ಹೋಗ್ತಾನೆ,” ಎಂದಳು. ಬಕೆಟ್ಟಿನ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಆಮೇಲೆ, “ಗುರುವಾರ ಏಣಿ ತಗೊಂಡು ಬಾ,” ಎಂದಳು.

“ಇನ್ನೇನು ಹೊಲೀತೀಯ?”

“ಹೊಲಿಯಲ್ಲ. ಬಿಚ್ತೀನಿ.”

ಅದೇ ಅವಳ ಲೆಕ್ಕ. ಚೆನ್ನಾಗಿದೆ ಎಂದು ತಾನೇ ಒಯ್ಯುವುದು? ಉಳಿದ ಊರುಗಳ ಬಾವುಟಗಳಂತೆ ಇದೂ ಜೀರ್ಣವಾಗಿ ಕಂಡರೆ ಯಾರಿಗೂ ಬೇಡ. ತನ್ನ ಹೊಲಿಗೆಗಳನ್ನು ಬಿಚ್ಚಿ, ಸೈನ್ಯದ ಪಾಲನ್ನು, ಅಂದರೆ ಮೊದಲಿನ ರೇಷ್ಮೆಯನ್ನು ಮಾತ್ರ ಉಳಿಸುವುದು. ಅಷ್ಟೇ ಇದ್ದರೂ ಸಾಕು, ಇಲ್ಲೇ ಇದ್ದರೆ ಸರಿ.

ಆ ಚಳಿಗಾಲವೆಲ್ಲ ಗುರುವಾರ ಗುರುವಾರ ಬಿಚ್ಚಿದಳು. ಒಮ್ಮೆಗೇ ಬೋಳಾದರೆ ಅನುಮಾನ ಬರುತ್ತದೆಂದು ವಾರಕ್ಕಿಷ್ಟು. ನಾನು ನನ್ನ ಪಾಲಿನ ಕೆಲಸ ಮಾಡಿದೆ: ಊರಿಗೆ ಬಟ್ಟೆ ತಿನ್ನುವ ಹುಳ ಬಂದಿದೆಯೆಂದು ಹೆಂಡದಂಗಡಿಯಲ್ಲಿ ಸುದ್ದಿ ಹಬ್ಬಿಸಿದೆ. ಪಾರಿವಾಳದಷ್ಟು ದೊಡ್ಡದು, ಕಟುಕನ ಪ್ಯಾಂಟನ್ನು ಅವನು ಹಾಕಿಕೊಂಡಿರುವಾಗಲೇ ತಿಂದಿತು ಎಂದೆ. ಪಾದ್ರಿ ಲಾಂಗ್‌ಸ್ಟಾಫ್ ನಗಲಿಲ್ಲ. ಕರ್ಪೂರದ ಗುಳಿಗೆ ತರಿಸಿ ಬಾವುಟದ ಕೆಳಗೆ ಸುರಿಸಿದರು. ಆ ವರ್ಷ ಕ್ರಿಸ್‌ಮಸ್ ಪ್ರಾರ್ಥನೆಗೆ ಬಂದವರೆಲ್ಲ ಸೀನಿದರು.

ಪ್ಯಾರಾಶೂಟು ಹೋಯಿತು, ಗೌನು ಹೋಯಿತು. ಬಿಚ್ಚುತ್ತ ಬಿಚ್ಚುತ್ತ ಅವಳ ಕೈ ನಿಧಾನವಾಯಿತು. ಅಡಿಯಲ್ಲಿ ಏನೂ ಇರಲಿಲ್ಲ. ಅವಳು ಹೊಲಿದದ್ದರ ಕೆಳಗೆ ಅವಳೇ ಹಿಂದೆ ಹೊಲಿದದ್ದು, ಅದರ ಕೆಳಗೆ ಗಾಳಿ. ಸೈನ್ಯದ ಪಾಲೆಂದರೆ ಒಂದು ಅಂಗೈ ನೀಲಿ, ಅರ್ಧ ಕಿರೀಟ, ಬಲೆಯಂಥ ಒಂದಿಷ್ಟು ಎಳೆ.

“ಸಿಮ್,” ಎಂದಳು ಮೇಲಿನಿಂದ. “ಇಷ್ಟು ವರ್ಷ ನಾನು ನನ್ನ ರವಿಕೆ ಹತ್ರಾನೇ ಮಾತಾಡ್ತಿದ್ನಲ್ಲೋ.”

ನಾನು ಏಣಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ಕೊನೆಯ ಗುರುವಾರ ಉಳಿದದ್ದು ಒಂದೇ ತುಂಡು, ಕಿಟ್‌ನ ಕುತ್ತಿಗೆ ವಸ್ತ್ರದ್ದು. ಕತ್ತರಿ ಅದರ ಹತ್ತಿರ ಹೋಗಿ ನಿಂತಿತು.

“ಅದೊಂದು ಇರ್ಲಿ ಬಿಡೇ. ಯಾರಿಗೂ ಕಾಣಲ್ಲ,” ಎಂದೆ.

“ನಂಗೆ ಕಾಣುತ್ತಲ್ಲ,” ಎಂದಳು.

ಕತ್ತರಿಸಿದ ಸದ್ದು ಕೇಳಿಸಿತು. ಅವಳು ಇಳಿದು ಬರಲಿಲ್ಲ. ಏಣಿಯ ಮೇಲೆಯೇ ಹಣೆಯನ್ನು ಗೋಡೆಗೆ ಆನಿಸಿ ನಿಂತಳು.

“ಅವ್ನು ಬರಲ್ಲ ಕಣೋ ಸಿಮ್.”

“ಹೂಂ,” ಎಂದೆ.

“ನಿಂಗೆ ಗೊತ್ತಿತ್ತಾ?”

“ಎಲ್ರಿಗೂ ಗೊತ್ತಿತ್ತು ಕಣೇ.”

ಈಸ್ಟರ್ ಕಳೆದ ಮರುವಾರ ಕ್ಯಾಪ್ಟನ್ ಹಸ್‌ವೆಲ್ ಉದ್ದನೆಯ ಪೆಟ್ಟಿಗೆ ಹೊರಿಸಿಕೊಂಡು ಬಂದ. ಮೇಜರ್ ಪದಕಗಳನ್ನೆಲ್ಲ ತೊಟ್ಟು ಬಂದಿದ್ದರು. ಬಾವುಟ ಇಳಿಸಲೆಂದು ನಾನು ಏಣಿ ತಂದು ನಿಲ್ಲಿಸಿದ್ದೆ. ಕ್ಯಾಪ್ಟನ್ ತುಂಬ ಹೊತ್ತು ಮೇಲೆ ನೋಡಿದ. ಸಭ್ಯ ಎಂದೆನಲ್ಲ, ಏನೂ ಕೇಳಲಿಲ್ಲ. “ಕೆಲವು ಸಲ ಹೀಗೆ, ಒಂದೇ ಚಳಿಗಾಲದಲ್ಲಿ ಹೋಗ್ಬಿಡುತ್ತೆ ಸರ್. ಈಗ ಮುಟ್ಟಿದ್ರೆ ಕೈಯಲ್ಲೇ ಪುಡಿಯಾಗುತ್ತೆ. ಇಲ್ಲೇ ಇರ್ಲಿ, ಇರೋವಷ್ಟು ದಿನ,” ಎಂದು ಮೇಜರ್‌ಗೆ ಸಲಾಮು ಹೊಡೆದು, ಖಾಲಿ ಪೆಟ್ಟಿಗೆ ಹೊರಿಸಿಕೊಂಡು ಹೋದ.

ಮೇಜರ್ ಮುಂದಿನ ಸಾಲಿನ ತಮ್ಮ ಬೆಂಚಿಗೆ ಹೋಗಲಿಲ್ಲ. ಬಾವುಟದ ಕೆಳಗಿದ್ದ, ಕೆಲಸದವರು ಕೂರುವ ಬೆಂಚಿನಲ್ಲೇ ಕುಸಿದರು. ಥರ್ಜಾ ಪೊರಕೆಯನ್ನು ಗೋಡೆಗೆ ಒರಗಿಸಿ, ಅಪ್ಪಣೆ ಕೇಳದೆ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಆ ಚರ್ಚಿನಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ.

“ಮೇಜರ್ ಸರ್, ನನ್ನ ಗಂಡ ಹೇಗೆ ಸತ್ತ?”

ಮೇಜರ್ ಅವಳ ಕಡೆ ತಿರುಗಿದರು. ಇಷ್ಟು ವರ್ಷ ಆ ಪ್ರಶ್ನೆಗೆ ಹೆದರಿಕೊಂಡೇ ಇದ್ದವರಂತೆ ಕಂಡರು.

“ಗೊತ್ತಿಲ್ಲ, ಮಿಸೆಸ್ ಆಲ್ಡರ್‌ಸನ್. ಆ ಬೆಳಗ್ಗೆ ಎಲ್ಲಾ ಒಂದೇ ಕೆಸರು. ಹೆಸರು ಗೊತ್ತು ನಂಗೆ, ಎಲ್ಲರ ಹೆಸರೂ ಹೇಳಬಲ್ಲೆ. ಮುಖ… ಮುಖ ಬರ್ತಾ ಇಲ್ಲ. ತುಂಬಾ ಜನ ಇದ್ರು. ಕ್ಷಮಿಸಿ.”

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆ. ಆಗಲಿಲ್ಲ.

“ಎತ್ತರ ಏನಿಲ್ಲ ಸರ್, ನನ್ನಷ್ಟೇ. ಬಲಗಿವಿ ಸ್ವಲ್ಪ ಮುಂದಕ್ಕೆ ಬಾಗಿತ್ತು. ಕಲ್ಲು ಕೈಗೆತ್ಕೊಂಡ್ರೆ ಮೊದ್ಲು ಮೂಸ್ತಿದ್ದ.”

“ಮೂಸ್ತಿದ್ದ?”

“ಹೂಂ. ಯಾಕೆ ಅಂತ ಕೇಳಿದ್ರೆ, ಯಾವ ಕಲ್ಲು ಯಾವುದರ ಪಕ್ಕ ನಿಲ್ಲುತ್ತೆ ಅಂತ ವಾಸನೇಲೇ ಗೊತ್ತಾಗುತ್ತೆ ಕಣೇ ಅಂತಿದ್ದ. ಬರೀ ಸುಳ್ಳುಗಾರ.”

ಮೇಜರ್ ಕಣ್ಣು ಮುಚ್ಚಿ ಕೂತರು. ಆಮೇಲೆ ಮೆಲ್ಲಗೆ, “ತಾಳಿ… ಒಬ್ಬ ಇದ್ದ. ಕಂದಕದಲ್ಲಿ ಮರಳಿನ ಮೂಟೆ ಜೋಡಿಸುವಾಗ ಒಂದೊಂದನ್ನೂ ಮೂಸಿ ಇಡ್ತಿದ್ದ. ಎಲ್ರೂ ನಗ್ತಿದ್ರು. ಹೌದು. ಅವನು ಕಟ್ಟಿದ ಗೋಡೆ ಕುಸೀತಿರ್ಲಿಲ್ಲ,” ಎಂದರು.

ಅದು ನೆನಪೋ, ಆಗಷ್ಟೇ ಕಟ್ಟಿದ್ದೋ ನನಗೆ ತಿಳಿಯಲಿಲ್ಲ. ಥರ್ಜಾಗೆ ತಿಳಿದಿರಬೇಕು. ಅವಳು ಮೇಜರ್ ಮುಖವನ್ನು ಬಹಳ ಹೊತ್ತು ನೋಡಿದಳು. ಅವರು ಇನ್ನೂ ಏನೋ ಸೇರಿಸಿ ಹೇಳಲು ಬಾಯಿ ತೆರೆದರು.

“ಸಾಕು ಸರ್,” ಎಂದಳು. “ಅಷ್ಟು ಸಾಕು.”

ಅವರಿಬ್ಬರೂ ಹಾಗೇ ಕೂತಿದ್ದರು. ನಾನು ಏಣಿಯನ್ನು ಹೆಗಲಿಗೇರಿಸಿ, ಆದಷ್ಟು ಸದ್ದಾಗದಂತೆ ಗಂಟೆಗೋಪುರಕ್ಕೆ ಹೊತ್ತುಕೊಂಡು ಹೋದೆ.